214 ಯೂನಿಟ್

ಮೇ 5, 2024, ಭಾನುವಾರ. ನಮ್ಮ ಮನೆಯವರ ಗುಂಪು.

ಸುಮಾ, ರಾಯಚೂರು (ಬೆಳಿಗ್ಗೆ 10:04)
(ಕರೆಂಟ್ ಬಿಲ್ಲಿನ ಫೋಟೊ)
ಏಪ್ರಿಲ್ ಬಿಲ್ ಬಂತು. 214 ಯೂನಿಟ್. ಗೃಹಜ್ಯೋತಿಯ ಉಚಿತ ಕರೆಂಟಿಗೆ ಗೆರೆ 200, ಅದರ ಮೇಲೆ ಬರೀ 14. ಆದರೆ ಕಟ್ಟಬೇಕಾದ್ದು ಪೂರ್ತಿ 214ಕ್ಕೆ. 1,600 ಚಿಲ್ಲರೆ ಆಗಿದೆ.

ದೊಡ್ಡಪ್ಪ, ಸಾಗರ (10:20)
ಸುಮಾ, 200ರವರೆಗೂ ಸರ್ಕಾರ ಬಿಟ್ಟಿದೆ. ಮೂರು ಜನರ ಮನೆಗೆ ಅಷ್ಟೂ ಸಾಲದು ಅಂದರೆ ಹೇಗಮ್ಮ? ನಮ್ಮಲ್ಲಿ ಐದು ಜನ. ಹೋದ ತಿಂಗಳು 41 ಯೂನಿಟ್. ಬಿಟ್ಟಿ ಸಿಗುತ್ತೆ ಅಂತ ಸ್ವಿಚ್ ಆರಿಸೋದನ್ನೇ ಜನ ಮರೆತಿದ್ದಾರೆ.

ಸುಮಾ (10:22)
ದೊಡ್ಡಪ್ಪ, ಸ್ವಿಚ್ ಆರಿಸೋದು ನಿಮ್ಮ ಮನೆಯಲ್ಲೇ ಕಲಿತಿದ್ದೇನೆ. ಇಲ್ಲಿ ಆರಿಸಿದರೆ ಮಲಗೋಕೆ ಆಗಲ್ಲ.

ಕಿರಣ್, ಬೆಂಗಳೂರು (10:31)
ಸುಮಕ್ಕ, 214 ಎಲ್ಲಿ ಹೋಯಿತು ಅಂತ ಒಂದು ಸಲ ಬರೆದು ನೋಡಿ. ಫ್ಯಾನ್ ಎಷ್ಟು, ಎಷ್ಟು ಹೊತ್ತು ಓಡುತ್ತೆ?

ಸುಮಾ (10:47)
ಸ್ಟೂಲ್ ಹತ್ತಿ ನೋಡಿದೆ. ಮೂರು ಫ್ಯಾನ್. ಧೂಳು ಒರೆಸಿದ ಮೇಲೆ 75 ವ್ಯಾಟ್ ಅಂತ ಕಾಣಿಸಿತು. 2009ರಲ್ಲಿ ಮನೆ ಕಟ್ಟಿದಾಗ ಹಾಕಿದ್ದು. ಈಗ ದಿನಕ್ಕೆ 18 ಗಂಟೆ ಓಡುತ್ತವೆ. ರಾತ್ರಿ ಒಂದು ಕೂಲರ್. ಮತ್ತೆ ಫ್ರಿಜ್, ಟಿವಿ, ಮಿಕ್ಸಿ. ಎಸಿ ಇಲ್ಲ. ಗೀಸರ್ ಈ ಕಾಲದಲ್ಲಿ ಮುಟ್ಟೋದೇ ಇಲ್ಲ, ನಲ್ಲಿಯಲ್ಲೇ ಬಿಸಿ ನೀರು ಬರುತ್ತೆ.

ಕಿರಣ್ (10:58)
ಮೂರು ಫ್ಯಾನಿಗೇ ದಿನಕ್ಕೆ 4 ಯೂನಿಟ್ ಆಯಿತು. ತಿಂಗಳಿಗೆ 121. ಬಿಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಈಗಿನ ಬಿಎಲ್‌ಡಿಸಿ ಫ್ಯಾನ್, ಅಂದರೆ ಕಮ್ಮಿ ಕರೆಂಟ್ ಎಳೆಯೋ ಮೋಟಾರಿನದು, 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತೆ. ಮೂರನ್ನೂ ಬದಲಾಯಿಸಿದರೆ 121 ಇದ್ದದ್ದು 49ಕ್ಕೆ ಇಳಿಯುತ್ತೆ. ನಿಮ್ಮ 214, 142 ಆಗುತ್ತೆ.

ದೊಡ್ಡಪ್ಪ (11:02)
ನೋಡಿದೆಯಾ? ನಾನು ಹೇಳಿದ್ದೂ ಅದೇ. ಉಳಿಸೋಕೆ ದಾರಿ ಇದೆ.

ಸುಮಾ (11:05)
ಇದೆ ದೊಡ್ಡಪ್ಪ. ಮೂರು ಫ್ಯಾನಿಗೆ ಎಂಟು ಸಾವಿರದ ಹತ್ತಿರ ಆಗುತ್ತೆ. ನನಗೆ ಸಂಬಳ ಬರುತ್ತೆ, ಹೇಗೋ ತರುತ್ತೇನೆ. ನಮ್ಮ ಓಣಿಯಲ್ಲಿ ಕೂಲಿಗೆ ಹೋಗೋರು ಎಲ್ಲಿಂದ ತರಬೇಕು?

ಚಿಕ್ಕಮ್ಮ, ಮಂಗಳೂರು (11:30)
ಬಾವ, ಸೆಕೆ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಸುಮಾಳ ಕೂಲರ್ ನಮ್ಮಲ್ಲಿ ತಂದಿಟ್ಟರೆ ಕೆಲಸಕ್ಕೇ ಬರೋದಿಲ್ಲ. ಒಣ ಗಾಳಿ ಇದ್ದರೆ ಮಾತ್ರ ನೀರು ಆರಿ ತಂಪಾಗುತ್ತೆ. ಇಲ್ಲಿ ಗಾಳಿಯಲ್ಲೇ ನೀರು. 33 ಡಿಗ್ರಿ ಅಂತ ತೋರಿಸಿದರೂ ರವಿಕೆ ಮೈಗೆ ಅಂಟುತ್ತೆ. ಅತ್ತೆಯವರಿಗೆ ಉಸಿರಾಟದ ತೊಂದರೆ ಅಂತ ಒಂದು ಕೋಣೆಗೆ ಎಸಿ ಹಾಕಿಸಿದೆವು. 26ಕ್ಕೆ ಇಟ್ಟು ಫ್ಯಾನ್ ಹಾಕುತ್ತೇವೆ. ಅದನ್ನು ಶೋಕಿ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತೆ.

ದೊಡ್ಡಪ್ಪ (11:41)
ಶೋಕಿ ಅಂತ ನಾನು ಹೇಳಲಿಲ್ಲ.

ಸುಮಾ (12:10)
ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಪೂರ್ತಿ ಓದಿ. ನಾನು ಎರಡೂ ಕಡೆ ಬದುಕಿದ್ದೇನೆ. ನಿಮ್ಮ ಮನೆಗೆ ಹಂಚಿನ ಮಾಡು, ಸುತ್ತ ತೋಟ. ನಮ್ಮದು ಆರ್‌ಸಿಸಿ ಚಾವಣಿ, ಮೇಲೆ ಏನೂ ಇಲ್ಲ. ಏಪ್ರಿಲ್‌ನಲ್ಲಿ 40 ದಾಟಿದ ದಿನಗಳೇ ಜಾಸ್ತಿ. ರಾತ್ರಿ 11ಕ್ಕೆ ಗೋಡೆ ಮೇಲೆ ಅಂಗೈ ಇಟ್ಟರೆ ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ. ಮಗಳು ಒದ್ದೆ ಟವೆಲ್ ಹೊದ್ದು ಮಲಗುತ್ತಾಳೆ. ಅರ್ಧ ಗಂಟೆಗೆ ಅದು ಒಣಗಿ ಗರಿಗರಿ ಆಗಿರುತ್ತೆ.

ನಿಮ್ಮ 41 ಯೂನಿಟ್‌ನಲ್ಲಿ ಬಚ್ಚಲ ಹಂಡೆ ಸೇರಿಲ್ಲ. ಐದು ಜನರ ಸ್ನಾನದ ನೀರು ಕಾಯೋದು ಅಡಿಕೆ ಸಿಪ್ಪೆ, ಸೌದೆಯಲ್ಲಿ. ಅದೂ ಉರಿಯೋದೇ ಅಲ್ವಾ? ಮೀಟರಿಗೆ ಕಾಣೋದಿಲ್ಲ ಅಷ್ಟೇ. ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದು ದೊಡ್ಡಮ್ಮ.

ಇನ್ನೊಂದು. ಶಕ್ತಿನಗರದ ಸ್ಥಾವರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. 1,720 ಮೆಗಾವ್ಯಾಟ್. ಆ ಕರೆಂಟ್ ಇಡೀ ರಾಜ್ಯಕ್ಕೆ. ಬೂದಿ ಮಾತ್ರ ನಮ್ಮ ಜಿಲ್ಲೆಗೆ.

ದೊಡ್ಡಪ್ಪ (12:25)
ಕರೆಂಟಿಗೆ ಯಾರು ಏನು ಕೊಟ್ಟರು ಅನ್ನೋ ಲೆಕ್ಕ ಸಾಗರದವರಿಗೆ ಹೇಳಬೇಡ ಸುಮಾ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನಮ್ಮಪ್ಪನ ಗದ್ದೆ ನೀರಿನೊಳಗೆ ಹೋಯಿತು. ದೇವರ ಪೆಟ್ಟಿಗೆ ತಲೆ ಮೇಲೆ ಹೊತ್ತು ಊರು ಬಿಟ್ಟರು. ಶರಾವತಿ ಬೆಳಕು ಬೆಂಗಳೂರಿಗೆ ಹೋಯಿತು. ನಮ್ಮ ಹೊಸ ಮನೆಗೆ ತಂತಿ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ. ಅದಕ್ಕೇ ನನಗೆ ಸುಮ್ನೆ ಉರಿಯೋ ಒಂದು ಬಲ್ಬ್ ಕಂಡರೂ ಸಂಕಟ.

ಸುಮಾ (12:27)
ತಪ್ಪಾಯಿತು ದೊಡ್ಡಪ್ಪ. ಅಜ್ಜನ ವಿಷಯ ನನಗೆ ನೆನಪಾಗಬೇಕಿತ್ತು.

ಕಿರಣ್ (1:15)
ಇಬ್ಬರಿಗೂ ಅನ್ಯಾಯ ಆಗಿದೆ ಅನ್ನಿಸುತ್ತೆ. ಗೃಹಜ್ಯೋತಿ ಲೆಕ್ಕವನ್ನೇ ನೋಡಿ. 200ರೊಳಗೆ ಒಂದೊಂದು ಮನೆಗೆ ಒಂದೊಂದು ಉಚಿತ ಮಿತಿ: 2022-23ರಲ್ಲಿ ಎಷ್ಟು ಸುಟ್ಟಿದ್ದರೋ ಅದರ ತಿಂಗಳ ಸರಾಸರಿ, ಮೇಲೆ 10%. ಆಗ ಜಾಸ್ತಿ ಸುಟ್ಟವರಿಗೆ ಈಗಲೂ ಜಾಸ್ತಿ ಉಚಿತ. ದೊಡ್ಡಪ್ಪನ ಸರಾಸರಿ 38, ಸಿಕ್ಕಿದ್ದು 42. ಈ ಜನವರಿಯಲ್ಲಿ, 48ಕ್ಕಿಂತ ಕಮ್ಮಿ ಇರೋರಿಗೆ 10% ಬದಲು 10 ಯೂನಿಟ್ ಅಂತ ಮಾಡಿದರು. ಹಾಗಾಗಿ ಈಗ 48. ನನಗೆ ಹೊಸ ಬಾಡಿಗೆ ಮನೆ, ಹಳೇ ಲೆಕ್ಕ ಇಲ್ಲ. ರಾಜ್ಯದ ಸರಾಸರಿ 53 ಹಿಡಿದು 58 ಕೊಟ್ಟಿದ್ದಾರೆ. ರಾಯಚೂರಲ್ಲಿ ಹೊಸ ಮನೆಗೆ ಹೋದವರಿಗೂ ಅದೇ 58. ಬಿಸಿಲಿಗೆ ಒಂದು ಯೂನಿಟ್ಟೂ ಜಾಸ್ತಿ ಇಲ್ಲ.

ಸುಮಾ (1:24)
ನನ್ನ ಸರಾಸರಿ 132, ಮಿತಿ 145. ಡಿಸೆಂಬರ್‌ನಲ್ಲಿ 85 ಬಂದಿತ್ತು. ಉಳಿದ 60 ಯೂನಿಟ್ ಅಲ್ಲಿಗೇ ಹೋಯಿತು, ಏಪ್ರಿಲ್‌ಗೆ ಬರೋದಿಲ್ಲ. ತಿಂಗಳಿಗೆ 200ರ ಬದಲು ವರ್ಷಕ್ಕೆ 2,400 ಅಂತ ಗೆರೆ ಹಾಕಿದ್ದರೆ ನಾನು ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ನಮ್ಮ ಕಡೆ ಸುಡೋದು ಮೂರು ತಿಂಗಳು. ಗೆರೆ ಬಿದ್ದಿರೋದು ಸರಿಯಾಗಿ ಅಲ್ಲೇ.

ಕಿರಣ್ (1:33)
ಎಲ್‌ಇಡಿ ಬಲ್ಬ್ ನೆನಪಿದೆಯಾ? 2014ರಲ್ಲಿ ಸರ್ಕಾರ ಸಗಟಾಗಿ ಕೊಂಡಾಗ ಒಂದಕ್ಕೆ 310 ರೂಪಾಯಿ ಇತ್ತು. ಕೋಟಿಗಟ್ಟಲೆ ಕೊಳ್ಳುತ್ತಾ ಹೋದರು, 2016ಕ್ಕೆ 38ಕ್ಕೆ ಬಂತು. ಫ್ಯಾನಿಗೂ ಹಾಗೇ ಮಾಡಬಹುದು. 2023ರ ಜನವರಿಯಿಂದ ಫ್ಯಾನ್ ಮೇಲೆ, ಎಷ್ಟು ಕರೆಂಟ್ ಉಳಿಸುತ್ತೆ ಅಂತ ತೋರಿಸೋ ಸ್ಟಾರ್ ಚೀಟಿ ಕಡ್ಡಾಯ ಆಗಿದೆ. ಆದರೆ ಹೊಸದು ಕೊಳ್ಳೋರಿಗೆ ಮಾತ್ರ ಅದು. 2009ರ ಫ್ಯಾನ್ ಓಡ್ತಾನೇ ಇರುತ್ತೆ. ಬಿಸಿಲಿನ ಜಿಲ್ಲೆಗಳಿಗೆ ಮೊದಲು ಕೊಡಲಿ.

ಸುಮಾ (1:36)
ಚಾವಣಿಗೂ ಕೊಡಲಿ. ಪಕ್ಕದ ತೆಲಂಗಾಣ 2023ರಲ್ಲೇ, ಬಿಸಿಲು ಹೀರದ ಚಾವಣಿಗೆ ಅಂತ ಕೂಲ್ ರೂಫ್ ನೀತಿ ತಂದಿದೆ. ಇಲ್ಲಿನ ಹಳೇ ಮನೆಗಳಿಗೆ ಮಣ್ಣಿನ ಮಾಳಿಗೆ ಇತ್ತು. ಒಳಗೆ ಹೋದರೆ ತಣ್ಣಗೆ. ಅದನ್ನು ಕೆಡವಿ ನಾವೇ ಸಿಮೆಂಟ್ ಹಾಕಿಕೊಂಡೆವು.

ದೊಡ್ಡಮ್ಮ, ಸಾಗರ (3:50)
ಸುಮಾ, ನಿನ್ನ ಬಾಣಂತನಕ್ಕೆ ಬಂದಾಗ ನಾನೂ ಆ ಗೋಡೆ ಮುಟ್ಟಿದ್ದೇನೆ. ಇವರು ನೋಡಿಲ್ಲ. ಚಾವಣಿ ಮೇಲೆ ಸುಣ್ಣ ಹೊಡೆಸು, ದಪ್ಪಗೆ ಎರಡು ಸಲ. ಮಗುವನ್ನು ಇಲ್ಲಿಗೆ ಕಳಿಸು. ಒಲೆ ಊದೋ ವಿಷಯ ಬರೆದಿದ್ದು ಒಳ್ಳೇದಾಯಿತು. ಸೋಲಾರ್ ಹಾಕಿಸಿ ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ.

ದೊಡ್ಡಪ್ಪ (5:12)
ಸುಮಾ, ವರ್ಷದ ಗೆರೆ ಅಂದೆಯಲ್ಲ, ಅದು ನ್ಯಾಯ. ಒಪ್ಪಿದೆ. ನನ್ನದೂ ಒಂದು ಕೇಳು. ಜೀವಮಾನ ಉಳಿಸಿದವನಿಗೆ 48, ಉಳಿಸದವನಿಗೆ 180. ಇದು ಯಾವ ಲೆಕ್ಕ? ಬೆಳಿಗ್ಗೆಯಿಂದ ಯಾರೂ ಉತ್ತರ ಹೇಳಲಿಲ್ಲ.

ಸುಮಾ (5:20)
ಅದು ತಪ್ಪೇ ದೊಡ್ಡಪ್ಪ. ನಾನು ಫ್ಯಾನ್ ಬದಲಾಯಿಸಿ 142ಕ್ಕೆ ಇಳಿದೆ ಅಂತಿಟ್ಟುಕೊಳ್ಳಿ. ನಾಳೆ ಸರಾಸರಿ ಹೊಸದಾಗಿ ಹಾಕಿದರೆ ನನ್ನ ಮಿತಿಯೂ ಇಳಿಯುತ್ತೆ. ಉಳಿಸಿದ್ದಕ್ಕೆ ಕಳೆದುಕೊಳ್ಳಬೇಕು. ಆದರೂ ನಾಳೆ ಕೆಲಸ ಮುಗಿಸಿಕೊಂಡು ಫ್ಯಾನ್ ನೋಡಿ ಬರುತ್ತೇನೆ. ಮೊದಲು ಮಗಳ ಕೋಣೆಗೆ ಒಂದು.

ದೊಡ್ಡಪ್ಪ (5:31)
ತಂದಮೇಲೆ ಎಷ್ಟು ಇಳಿಯಿತು ಅಂತ ಜೂನ್ ಬಿಲ್ ಹಾಕು. ಮಳೆ ಬಂದಿದ್ದಕ್ಕೆ ಇಳಿದದ್ದು ಬೇರೆ, ಫ್ಯಾನಿಂದ ಇಳಿದದ್ದು ಬೇರೆ. ಎರಡನ್ನೂ ಬಿಡಿಸಿ ಬರೆ.