ಅಪ್‌ಡೇಟ್: ಸ್ಪ್ಯಾನಿಷ್‌ಗೆ ಟ್ಯೂಟರ್ ಇಟ್ಟುಕೊಂಡು 3 ತಿಂಗಳಾಯ್ತು

ಒಂದು ವರ್ಷ ಆ್ಯಪ್‌ನಲ್ಲಿ ಕಲಿತರೂ ಸ್ಪ್ಯಾನಿಷ್ ಮಾತಾಡೋಕೆ ಬಾಯಿ ಬರ್ತಿಲ್ಲ, ದುಡ್ಡು ಕೊಟ್ಟು ಟ್ಯೂಟರ್ ಇಟ್ಟುಕೊಳ್ಳಲಾ ಅಂತ ಕೇಳಿದ್ದೆ. ಇಟ್ಟುಕೊಳ್ಳಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಮ್ಮ ಮೇಡಂ ಕೊಲಂಬಿಯಾದ ಬೊಗೊಟಾದವರು. ವಾರಕ್ಕೆ 2 ಕ್ಲಾಸ್. ನನಗೆ ಬೆಳಗ್ಗೆ 7 ಗಂಟೆ, ಅವರಿಗೆ ಹಿಂದಿನ ರಾತ್ರಿ ಎಂಟೂವರೆ.

ಮೊದಲ ದಿನ ‘ಯೊ ಗುಸ್ತೊ ಕಫೆ’ ಅಂದೆ. ಅವರು ತಿದ್ದಿದರು: ‘ಮೆ ಗುಸ್ತಾ ಎಲ್ ಕಫೆ’. ಥೇಟ್ ನಮ್ಮ ‘ನನಗೆ ಕಾಫಿ ಇಷ್ಟ’ದ ಹಾಗೇ ಅಲ್ವಾ! ಇಷ್ಟು ದಿನ ಸುಮ್ನೆ ಇಂಗ್ಲಿಷ್‌ನಲ್ಲಿ ಯೋಚಿಸಿ ಒದ್ದಾಡಿದ್ದೆ. ಈಗ ನೇರ ಕನ್ನಡದಿಂದಲೇ ಹೋಗುತ್ತೇನೆ. ತ, ದ ಕೂಡ ನಮ್ಮ ಹಾಗೇ, ನಾಲಿಗೆ ಹಲ್ಲಿಗೆ ತಾಗಬೇಕು. ‘ತು’, ‘ಉಸ್ತೆದ್’ ಅಂದರೆ ನೀನು, ನೀವು. ಆದರೆ ಬೊಗೊಟಾದಲ್ಲಿ ಸ್ನೇಹಿತರಿಗೂ ಮನೆಯವರಿಗೂ ಉಸ್ತೆದ್ ಅನ್ನೋದು ಮಾಮೂಲಿ.

ಜಾಸ್ತಿ ಕಷ್ಟ ಇರೋದು ‘ಸೆರ್’, ‘ಎಸ್ತಾರ್’ನಲ್ಲಿ. ಎರಡೂ ‘ಇರು’ ಅಂತಲೇ, ಬಳಸೋ ಜಾಗ ಬೇರೆ. ಇನ್ನೂ ತಪ್ಪುತ್ತೇನೆ.

ಮೊನ್ನೆ ಇಂಗ್ಲಿಷ್ ಇಲ್ಲದೆ 20 ನಿಮಿಷ ಅಮ್ಮನ ಬಿಸಿಬೇಳೆಬಾತ್ ಬಗ್ಗೆ ಮಾತಾಡಿದೆ. ಹುಣಸೆಹಣ್ಣಿಗೆ ಪದ ಸಿಗದೆ ಕ್ಯಾಮೆರಾಗೆ ಹಿಡಿದು ತೋರಿಸಿದೆ. ‘ತಮರಿಂದೊ!’ ಅಂತ ಮೇಡಂ ಖುಷಿಯಿಂದ ಕೂಗಿದರು. ಮುಂದೆ ಡೆಲೆ ಎ2 (ಸ್ಪ್ಯಾನಿಷ್ ಪ್ರಮಾಣಪತ್ರದ ಎರಡನೇ ಹಂತ) ಪರೀಕ್ಷೆ ಕಟ್ಟಬೇಕು ಅಂತಿದ್ದೇನೆ.