ಒಂದೂವರೆ ದೇವರು

"ಕೋಟಿ ಎಂದರೆ ಸಂಖ್ಯೆಯಲ್ಲ, ಬಗೆ. 33 ಕೋಟಿ ದೇವತೆಗಳೆಂದರೆ 33 ಬಗೆಯ ದೇವತೆಗಳು!" ಗಿರೀಶ ಮೊಬೈಲಿಗೆ ಬಂದ ಸಂದೇಶವನ್ನು ಗಟ್ಟಿಯಾಗಿ ಓದಿದ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆಂದರೆ ನಮಗೆ ಸದ್ಯಕ್ಕೆ ಬಿಡುಗಡೆಯಿಲ್ಲ.

"ಉಚ್ಚ ಕೋಟಿಯ ಗಾಯಕ ಎನ್ನುವಾಗ ಕೋಟಿ ಎಂದರೆ ದರ್ಜೆ, ಒಪ್ಪಿದೆ. ಆದರೆ ಋಗ್ವೇದದ ಮಂತ್ರ ಹೇಳುವುದು ದ್ಯುಲೋಕದಲ್ಲಿ 11, ಭೂಮಿಯಲ್ಲಿ 11, ನೀರಿನಲ್ಲಿ 11 ಎಂದು. ಅಲ್ಲಿ ಕೋಟಿಯ ಸುದ್ದಿಯೇ ಇಲ್ಲ. ಇಲ್ಲದ ಮಾತಿಗೆ ಅರ್ಥ ಹುಡುಕಿ ಯಾಕಯ್ಯಾ ಸುಸ್ತಾಗುತ್ತೀಯಾ?"

"ಹಾಗಾದರೆ 33 ಕೊನೆಯ ಲೆಕ್ಕವೇ?" ಎಂದಳು ಸುಮಾ. ಅವಳ ಕೆಲಸ ಲೆಕ್ಕಪರಿಶೋಧನೆ. ಮೊತ್ತ ಕಂಡರೆ ಕೆಣಕದೆ ಇರಲಾರಳು.

"ಶಾಕಲ್ಯನೆಂಬ ಪಂಡಿತನೂ ಅದನ್ನೇ ಕೆಣಕಿದ್ದು. ಬೃಹದಾರಣ್ಯಕ ಉಪನಿಷತ್ತು, ಮೂರನೆಯ ಅಧ್ಯಾಯ. ವಿದೇಹದ ಜನಕನ ಯಜ್ಞದಲ್ಲಿ ಸಾವಿರ ಹಸುಗಳನ್ನು ಕೂಡಿಹಾಕಿ, ಕೊಂಬು ಕೊಂಬಿಗೂ ಚಿನ್ನ ಕಟ್ಟಿದ್ದಾರೆ. ಎಲ್ಲರಿಗಿಂತ ಮಿಗಿಲಾದ ಜ್ಞಾನಿ ಹೊಡೆದುಕೊಂಡು ಹೋಗಲಿ ಎಂದ ಜನಕ. ವಾದ ಶುರುವಾಗುವ ಮೊದಲೇ ಯಾಜ್ಞವಲ್ಕ್ಯ ಶಿಷ್ಯನನ್ನು ಕರೆದು, ಹೊಡೆದುಕೊಂಡು ನಡೆಯಪ್ಪಾ ಎಂದ."

"ಟೆಂಡರ್ ತೆರೆಯುವ ಮೊದಲೇ ಸರಕು ಸಾಗಿಸಿದ ಹಾಗೆ!"

"ಸಭೆಗೂ ಹಾಗೆಯೇ ಅನಿಸಿತು. ಒಬ್ಬೊಬ್ಬರಾಗಿ ಮೇಲೆ ಬಿದ್ದರು. ಶಾಕಲ್ಯ ಕೇಳಿದ: ದೇವರು ಎಷ್ಟು? 3306. ಸರಿ, ಎಷ್ಟು? 33. ಸರಿ, ಎಷ್ಟು? ಆರು. ಮತ್ತೆ ಕೇಳಿದರೆ ಮೂರು. ಮತ್ತೆ, ಎರಡು. ಮತ್ತೆ, ಒಂದೂವರೆ."

ಗಿರೀಶನಿಗೆ ಕಾಫಿ ನೆತ್ತಿಗೇರಿತು. "ಒಂದೂವರೆಯೇ?"

"ಅಧ್ಯರ್ಧ ಎಂಬುದು ಅಲ್ಲಿನ ಮಾತು. ಒಂದರ ಮೇಲೆ ಅರ್ಧ. ಅದು ಯಾರೆಂದರೆ, ಬೀಸುವ ಗಾಳಿ."

"ಬೀಸುವುದು ಒಂದೇ ಗಾಳಿ ತಾನೇ? ಅರ್ಧ ಎಲ್ಲಿಂದ ಬಂತು?" ಎಂದಳು ಸುಮಾ.

"ಆ ಆಕ್ಷೇಪಣೆಯೂ ಉಪನಿಷತ್ತಿನಲ್ಲೇ ಇದೆ, ನೀನು ಮೊದಲಿಗಳಲ್ಲ. ಉತ್ತರ ಕೇಳು. ಗಾಳಿಯಲ್ಲಿ ಎಲ್ಲವೂ ಅಧ್ಯಾರ್ಧ್ನೋತ್, ಅಂದರೆ ಹುಲುಸಾಗಿ ಬೆಳೆಯಿತು. ಅದಕ್ಕೇ ಅಧ್ಯರ್ಧ."

"ಇದು ಲೆಕ್ಕವಲ್ಲ, ಶ್ಲೇಷೆ! ನಮ್ಮ ಕಚೇರಿಯಲ್ಲಿ ಹೀಗೆ ಉತ್ತರ ಕೊಟ್ಟವರಿಗೆ ನೋಟಿಸ್ ಹೋಗುತ್ತದೆ."

ನನಗಂತೂ ಆ ಅರ್ಧದ ಮೇಲೆಯೇ ಮೋಹ. ಎರಡು ಎಂದರೆ ಅನ್ನ ಮತ್ತು ಪ್ರಾಣ, ಒಂದು ಎಂದರೆ ಪ್ರಾಣ, ಅದೇ ಬ್ರಹ್ಮ. ಎರಡರಿಂದ ಒಂದಕ್ಕೆ ನೆಟ್ಟಗೆ ಇಳಿಯಬಹುದಿತ್ತು. ನಡುವೆ ಈ ಅರ್ಧವನ್ನು ತುರುಕಿದವನು ತುಂಟನೇ ಇರಬೇಕು. ಉಪನಿಷತ್ತನ್ನು ಮುಖ ಗಂಟಿಕ್ಕಿಕೊಂಡೇ ಓದಬೇಕೆಂದು ಕಟ್ಟಳೆ ಮಾಡಿದವರು ಈ ಪುಟವನ್ನು ತಿರುವಿ ಹಾಕಿರಲಾರರು.

"ಆಮೇಲೆ ಶಾಕಲ್ಯ ಸುಮ್ಮನಾದನೇ?" ಎಂದ ಗಿರೀಶ.

"ಎಲ್ಲಿಯ ಸುಮ್ಮನೆ! ಕೇಳುತ್ತಲೇ ಹೋದ. ಕೊನೆಗೆ ಯಾಜ್ಞವಲ್ಕ್ಯ ತಾನೇ ಒಂದು ಪ್ರಶ್ನೆ ಹಾಕಿ, ಉತ್ತರ ಹೇಳದಿದ್ದರೆ ತಲೆ ಉರುಳುತ್ತದೆ ಎಂದ. ಹೇಳಲಾಗಲಿಲ್ಲ, ಉರುಳಿತು. ಮೂಳೆಗಳನ್ನೂ ಕಳ್ಳರು ಬೇರೇನೋ ಎಂದುಕೊಂಡು ಹೊತ್ತುಕೊಂಡು ಹೋದರಂತೆ. ಅವನ ಹೆಸರು ವಿದಗ್ಧ, ಅಂದರೆ ಚತುರ! ಇನ್ನು ಯಾರಿಗಾದರೂ ಕೇಳುವುದಿದೆಯೇ ಎಂದು ಯಾಜ್ಞವಲ್ಕ್ಯ ಸಭೆಯತ್ತ ತಿರುಗಿದ. ಒಬ್ಬರೂ ಬಾಯಿ ತೆರೆಯಲಿಲ್ಲ."

ಗಿರೀಶನೂ ತೆರೆಯಲಿಲ್ಲ, ಕುತ್ತಿಗೆಯನ್ನೊಮ್ಮೆ ಸವರಿಕೊಂಡ.

"ಅಲ್ಲ ಮೇಷ್ಟ್ರೇ," ಎಂದಳು ಸುಮಾ, "ಆ ಸಾವಿರ ಹಸುಗಳಿಗೆ ರಸೀದಿ ಕೊಟ್ಟವರು ಯಾರು?"