ಕೀಪರ್ ಎಂಟು ಸೆಕೆಂಡ್ ನಿಯಮ ನಿಮ್ಮ ಟೂರ್ನಿಯಲ್ಲಿ ಹಾಕಿದ್ದೀರಾ? ಅನುಭವ ಹೇಳಿ

ಭಾನುವಾರದ ಬಾಲ್:
ನಮ್ಮದು ಬೆಂಗಳೂರಿನ ಹೊರಗೆ ಏಳು ಜನರ ಫುಟ್‌ಬಾಲ್ ಟೂರ್ನಿ. ಎಂಟು ಟೀಮು, ಒಬ್ಬನೇ ರೆಫ್ರಿ, ಲೈನ್‌ಮನ್ ಇಲ್ಲ. ಹೋದ ವಾರ 1–0 ಮುಂದಿದ್ದ ಟೀಮಿನ ಕೀಪರ್ ಬಾಲ್ ತಬ್ಬಿಕೊಂಡು ಮಲಗೇಬಿಟ್ಟ. ಮೊಬೈಲ್‌ನಲ್ಲಿ ನೋಡ್ದೆ, ಒಂದು ಸಲ ಇಪ್ಪತ್ಮೂರು ಸೆಕೆಂಡ್! 2025ರ ಜುಲೈನಿಂದ ಬಂದಿರೋ ನಿಯಮ ನಾವೂ ಹಾಕೋಣ ಅಂತಿದೀವಿ, ಕೀಪರ್ ಬಾಲ್ ಕೈಲಿ ಹಿಡ್ಕೊಂಡು ಎಂಟು ಸೆಕೆಂಡ್ ದಾಟಿದ್ರೆ ಎದುರು ಟೀಮಿಗೆ ಕಾರ್ನರ್ ಕಿಕ್. ಆದ್ರೆ ಗ್ರೌಂಡ್ ಚಿಕ್ಕದು, ಕಾರ್ನರ್ ಬಾವುಟದಿಂದ ಗೋಲ್ ಕಂಬಕ್ಕೆ ಇಪ್ಪತ್ತೇ ಹೆಜ್ಜೆ. ಕಾರ್ನರ್ ಕೊಟ್ರೆ ಅರ್ಧ ಗೋಲ್ ಕೊಟ್ಟಂಗೆ. ಯಾರಾದ್ರೂ ಇಂಥ ಕಡೆ ಮಾಡಿದ್ದೀರಾ? ಫೈನಲ್ ಬರೋ ಭಾನುವಾರ.

ಒಂಟಿ ಗ್ಲೌಸ್:
ಹಾಕ್ಬೇಡಿ. ಹದಿನಾಲ್ಕು ವರ್ಷ ಕೀಪರ್ ಆಗಿ ನಿಂತೋನು ಹೇಳ್ತಿದೀನಿ. ಹೋದ ಅಕ್ಟೋಬರ್, ಸೆಮಿಫೈನಲ್, 0–0, ಇನ್ನು ನಾಲ್ಕು ನಿಮಿಷ. ಬೆಳಿಗ್ಗೆ ಮಳೆ ಹೊಡೆದು ಗೋಲ್ ಮುಂದೆಲ್ಲ ಕೆಸರು. ಕ್ರಾಸ್ ಹಿಡಿದು ಬಿದ್ದೆ. ಅವರ ಸ್ಟ್ರೈಕರ್ ನನ್ನ ಕಾಲ ಮೇಲೆ ಬಿದ್ದೋನು ಏಳೋದೇ ಇಲ್ಲ, ಲೇಸ್ ಸರಿ ಮಾಡ್ಕೊತಾನೆ! ಹೆಂಗೋ ಎದ್ದೆ, ಗ್ಲೌಸ್ ಚಡ್ಡಿಗೆ ಒರೆಸ್ಕೊಂಡೆ, ಬಲಗಡೆ ಹುಡುಗ ಮುಂದೆ ಓಡ್ಲಿ ಅಂತ ಕಾಯ್ತಿದ್ದೆ. ಸೀಟಿ. ಕಾರ್ನರ್. ಹತ್ತಿರದ ಕಂಬದಲ್ಲಿ ಒಬ್ಬ ಹೆಡ್ ಹೊಡೆದ, ಕತೆ ಮುಗೀತು.

ಖರ್ಚು ಕೇಳಿ. ಎಂಟ್ರಿ ಫೀಸಲ್ಲಿ ನನ್ನ ಪಾಲು 850. ಗ್ಲೌಸ್ 2,640, ಹಾಕಿದ್ದು ಅವತ್ತಿಗೆ ಎರಡನೇ ಸಲ. ಅರ್ಧ ದಿನದ ಸಂಬಳ ಕಟ್. ಮಂಡಿ ಸ್ಕ್ಯಾನ್ 6,200. ಅದೆಲ್ಲ ಹೋಗ್ಲಿ, ಟೀಮ್ ಗ್ರೂಪಲ್ಲಿ ನಂಗೆ ‘ಎಂಟು’ ಅಂತ ಹೆಸರಿಟ್ರು. ಮದುವೆ ಮನೇಲೂ ಹಂಗೇ ಕರೀತಾರೆ. ಆ ರೆಫ್ರಿ ನಾನು ನೆಲಕ್ಕೆ ಬಿದ್ದಾಗ್ಲೇ ಎಣಿಸೋಕೆ ಶುರು ಮಾಡಿದ್ದ, ಬರೆದುಕೊಡ್ತೀನಿ.

ಹಳೇ ಸೀಟಿ:
ಬಿದ್ದಾಗ ಎಣಿಕೆ ಶುರುವಾಗಲ್ಲ ತಮ್ಮಾ. ಬಾಲ್ ಕೈಲಿ ಭದ್ರ ಆಗಿದೆ, ಎದುರಾಳಿ ಅಡ್ಡ ಇಲ್ಲ ಅಂತ ರೆಫ್ರಿಗೆ ಅನಿಸಿದ ಮೇಲೆ ಶುರು. ಮೊದಲ ಮೂರು ಮನಸ್ಸಲ್ಲಿ, ಕೊನೇ ಐದು ಕೈ ಎತ್ತಿ ಎಲ್ಲರಿಗೂ ಕಾಣೋ ಹಂಗೆ. ನಿಮ್ಮ ರೆಫ್ರಿ ಕೈ ಎತ್ತಿದ್ನೋ ಇಲ್ವೋ, ಅದು ಹೇಳು ಮೊದಲು.

ನಾನು ಇಪ್ಪತ್ತೆರಡು ವರ್ಷ ಸೀಟಿ ಊದಿದೋನು. ಮುಂಚೆ ಕೀಪರ್‌ಗೆ ಬಾಲ್ ಹಿಡ್ಕೊಂಡು ನಾಲ್ಕೇ ಹೆಜ್ಜೆ ಅನ್ನೋ ಲೆಕ್ಕ ಇತ್ತು, 2000ದಲ್ಲಿ ಅದು ಹೋಗಿ ಆರು ಸೆಕೆಂಡ್ ಬಂತು. ಬಂದಿದ್ದು ಪುಸ್ತಕಕ್ಕೆ, ಗ್ರೌಂಡಿಗಲ್ಲ. ಯಾಕಂದ್ರೆ ಅದಕ್ಕೆ ಶಿಕ್ಷೆ ಬಾಕ್ಸ್ ಒಳಗೇ ಇನ್‌ಡೈರೆಕ್ಟ್ ಫ್ರೀಕಿಕ್, ಅಂದ್ರೆ ನೇರ ಗೋಲಿಗೆ ಹೊಡೆದ್ರೆ ಲೆಕ್ಕಕ್ಕಿಲ್ಲ. ಇಡೀ ಟೀಮು ಗೋಲ್ ಲೈನ್ ಮೇಲೆ ಗೋಡೆ ಕಟ್ಟುತ್ತೆ, ಅರ್ಧ ಜನ ರೆಫ್ರಿ ಕುತ್ತಿಗೆಗೆ ಬರ್ತಾರೆ. ಯಾರು ಊದ್ತಾರೆ? ನಾನು ಊದಿದ್ದು ಒಂದೇ ಸಲ, 2009ರಲ್ಲಿ. ಅವತ್ತಿನ ಭತ್ಯೆ 350 ರೂಪಾಯಿ. ಹೊರಗೆ ಬಂದು ನೋಡ್ತೀನಿ, ಸ್ಕೂಟರ್ ಎರಡೂ ಚಕ್ರದ ಗಾಳಿ ಬಿಟ್ಟಿದ್ರು, ಸೀಟು ಬ್ಲೇಡಲ್ಲಿ ಉದ್ದಕ್ಕೆ ಕುಯ್ದಿದ್ರು. ಸೀಟ್ ಕವರ್‌ಗೆ 420. ಅಂದ್ರೆ ಕೈಯಿಂದ 70 ಹೋಯ್ತು, ಎರಡು ಕಿಲೋಮೀಟರ್ ತಳ್ಳಿದ್ದು ಬೇರೆ. ಎರಡು ಸೀಸನ್ ನನ್ನ ಯಾರೂ ಕರೀಲಿಲ್ಲ. ಇವತ್ತಿಗೂ ಹೇಳ್ತೀನಿ, ಊದಿದ್ದು ಸರಿ.

ಶಿಕ್ಷೆ ಕಾರ್ನರ್‌ಗೆ ಇಳಿಸಿದ್ದೇ ರೆಫ್ರಿಗೆ ಧೈರ್ಯ ಬರ್ಲಿ ಅಂತ. ಮಾಲ್ಟಾದಲ್ಲಿ, ಇಂಗ್ಲೆಂಡಿನ ಯುವಕರ ಲೀಗಲ್ಲಿ ಮೊದಲು ನಡೆಸಿ ನೋಡಿದಾಗ ಊದಬೇಕಾಗಿ ಬಂದಿದ್ದು ಬೆರಳೆಣಿಕೆ ಸಲ. ಕೈ ಮೇಲೆ ಹೋದ್ರೆ ಕೀಪರ್ ತಾನಾಗೇ ಬಾಲ್ ಬಿಡ್ತಾನೆ.

ಒಂಟಿ ಗ್ಲೌಸ್:
ಕೈ ಎತ್ತಿದ್ನಂತೆ. ನನ್ನ ಬೆನ್ನು ಅವನ ಕಡೆ ಇತ್ತು. ಬೆನ್ನಲ್ಲಿ ಕಣ್ಣಿದ್ಯಾ ನಂಗೆ?

ಕುಡ್ಲದ ಕಿಕ್:
ಎಂಟಕ್ಕೆ ಇಷ್ಟು ಅಳುದಾ ಮಾರಾಯ್ರೆ? ಫುಟ್ಸಲ್‌ನಲ್ಲಿ, ಅದೇ ಐದೈದು ಜನ ಆಡುವ ಒಳಾಂಗಣ ಫುಟ್‌ಬಾಲ್‌ನಲ್ಲಿ, ಕೀಪರ್‌ಗೆ ತನ್ನ ಹಾಫಲ್ಲಿ ನಾಲ್ಕೇ ಸೆಕೆಂಡ್, ಬಾಲ್ ಕೈಯಲ್ಲಿದ್ರೂ ಅಷ್ಟೇ, ಕಾಲಲ್ಲಿದ್ರೂ ಅಷ್ಟೇ. ನಾನು ಟರ್ಫ್‌ನಲ್ಲಿ ಲೀಗ್ ಮಾಡಿಸುವವ. ಗಂಟೆಗೆ 1,400 ಬಾಡಿಗೆ. ಜಗಳವೇ ಬೇಡ ಅಂತ ಬಜರ್ ಇರುವ ಟೈಮರ್ ತಂದೆ, 3,750. ಮೊದಲ ದಿನವೇ ಮಳೆ ನೀರು ಒಳಗೆ ಹೋಗಿ ಸತ್ತಿತು. ರಿಪೇರಿಯವ 900 ತೆಗೆದುಕೊಂಡ. ಈಗ ಅದು ನಾಲ್ಕಕ್ಕೆ ಬೊಬ್ಬೆ ಹಾಕುವುದಿಲ್ಲ, ಕೆಲವೊಮ್ಮೆ ಆರು, ಕೆಲವೊಮ್ಮೆ ಯಾರೂ ಇಲ್ಲದಾಗ. 4,650 ರೂಪಾಯಿ ಕಪಾಟಿನ ಮೇಲೆ ಕೂತುಂಟು. ಈಗ ಅಕ್ಕನ ಮಗ ಬದಿಯಲ್ಲಿ ನಿಂತು ಬಾಯಲ್ಲೇ ಎಣಿಸುವುದು. ಸಂಬಳ ಒಂದು ಪ್ಲೇಟ್ ಗೋಳಿಬಜೆ.

ಹಳೇ ಸೀಟಿ:
ಹೊರಗೆ ನಿಂತೋನು ಎಣಿಸೋದು ಎಣಿಕೆಯೇ ಅಲ್ಲ. ಅದೂ ಲೀಗ್ ನಡೆಸೋರ ಅಕ್ಕನ ಮಗ!

ಕುಡ್ಲದ ಕಿಕ್:
ನೀವು ಏನು ಹೇಳುದು, ಗೋಳಿಬಜೆ ಲಂಚವಾ?

ಬೆಳಗಾವಿ ಬ್ಯಾಕ್:
ಟರ್ಫ್‌ನ್ಯಾಗ ಆಡೂದಕ್ಕ ಫುಟ್‌ಬಾಲ್ ಅನ್ನಬ್ಯಾಡ್ರಿ ಮೊದಲ. ಬೂಟಿನ್ಯಾಗ ಕರಿ ರಬ್ಬರ್ ಕಾಳು ತುಂಬ್ಕೊಂಡು ಬಂದು ಮನಿ ತುಂಬ ಸುರವೂದು, ಅದೊಂದು ಆಟಾನ?

ನನ್ನ ಮಗಳು ಕೀಪರ್ ಅದಾಳ್ರಿ, ಹದಿನೈದು ವರ್ಷ. ಜನವರಿದಾಗ ಒಂದು ಮ್ಯಾಚ್. ಬಾಲ್ ಆಕಿ ಕೈಗೆ ಬಂದ್ರ ಸಾಕು, ಆ ಕಡಿ ಪಾಲಕರೆಲ್ಲ ಕೂಡಿ ‘ಒಂದ್, ಎರಡ್, ಮೂರ್’ ಅಂತ ಒದರೂದು. ಅವರ ಎಂಟು ಅಂದ್ರ ಗಡಿಯಾರದ ಐದು, ನಾನು ಕೈಗಡಿಯಾರ ಹಿಡಕೊಂಡು ನೋಡೀನಿ. ರೆಫ್ರಿ ಕೈ ಇನ್ನೂ ಕೆಳಗ ಇತ್ತು. ಹುಡುಗಿ ಗಾಬರಿ ಆಗಿ ಬಾಲ್ ಒಗದ್ಲು, ಸೀದಾ ಅವರ ಹುಡುಗಿ ಕಾಲಿಗೆ. ಗೋಲ್. ಬಸ್ಸಿನ್ಯಾಗ ಊರು ಮುಟ್ಟೂ ತನಕ ಮಾತಿಲ್ಲ, ತಂದ ಗಿರ್ಮಿಟ್ ಪೊಟ್ಟಣ ಬಿಚ್ಚಲೇ ಇಲ್ಲ. ಮೂರು ವಾರ ಪ್ರ್ಯಾಕ್ಟೀಸ್‌ಗೆ ಹೋಗಲಿಲ್ಲ, ಕೋಚಿಂಗ್ ಫೀ 1,500 ನೀರಾಗ ಹೋತು.

2012ರ ಲಂಡನ್ ಒಲಿಂಪಿಕ್ಸ್ ಹೆಣ್ಮಕ್ಕಳ ಫುಟ್‌ಬಾಲ್ ಸೆಮಿಫೈನಲ್‌ದಾಗೂ ಇದಾ ಆಟ. ಓಲ್ಡ್ ಟ್ರಾಫರ್ಡ್, ಕೆನಡಾ 3–2 ಮುಂದ. ಅಮೆರಿಕಾದ ಆಬಿ ವಾಮ್‌ಬಾಕ್ ರೆಫ್ರಿ ಕಿವಿಗೆ ಬೀಳೂ ಹಂಗ ಸೆಕೆಂಡ್ ಎಣಿಸಿದ್ಲು. ಕೀಪರ್ ಎರಿನ್ ಮೆಕ್ಲಿಯಡ್ ಮ್ಯಾಲೆ ಇನ್‌ಡೈರೆಕ್ಟ್, ಅದರಿಂದ ಹ್ಯಾಂಡ್‌ಬಾಲ್, ಅದರಿಂದ ಪೆನಾಲ್ಟಿ. ಹೊಡದಾಕೀನೂ ಆಕೀನ. ಕಡೀಕ 4–3, ಕೆನಡಾ ಬರಿಗೈಲೆ ಮನಿಗೆ.

ಒಂಬತ್ತನೇ ನಂಬರ್:
ಬರಿಗೈಲಿ ಏನಿಲ್ಲ ಸರ್, ಫ್ರಾನ್ಸ್ ಮೇಲೆ 1–0 ಗೆದ್ದು ಕಂಚು ತಗೊಂಡ್ರು. ವಾಮ್‌ಬಾಕ್ ಮಾಡಿದ್ದರಲ್ಲಿ ತಪ್ಪೇನಿದೆ? ನಾನೂ ಸ್ಟ್ರೈಕರ್, ನಾನೂ ಎಣಿಸ್ತೀನಿ. ಹೋದ ಸೀಸನ್ ಮೂರು ಕಾರ್ನರ್ ತೆಗೆಸಿದೀನಿ. ಅದರಲ್ಲಿ ಗೋಲ್ ಆಗಿದ್ದು ಸೊನ್ನೆ, ಒಂದರಲ್ಲಿ ಕೌಂಟರ್ ಅಟ್ಯಾಕ್ ತಿಂದು ನಾವೇ ಸೋತ್ವಿ, ಅದು ಬೇರೆ ಮಾತು. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಕೊರಿಯಾದ ಉಲ್ಸಾನ್ ಕ್ಲಬ್ ಎದುರು ಮಾಮೆಲೋಡಿ ಸನ್‌ಡೌನ್ಸ್ ಕೀಪರ್ ರೋನ್ವೆನ್ ವಿಲಿಯಮ್ಸ್‌ಗೂ ಊದಿದ್ರು. ದಕ್ಷಿಣ ಆಫ್ರಿಕಾದ ಕ್ಯಾಪ್ಟನ್ ಅವನು! ಆದ್ರೂ ಮ್ಯಾಚ್ 1–0 ಗೆದ್ರು. ಕಾರ್ನರ್ ಬಂದ್ರೆ ಡಿಫೆಂಡ್ ಮಾಡೋದು ಕಲೀರಿ. ಗ್ಲೌಸ್ ರೇಟು ಹೇಳ್ಕೊಂಡು ಅಳೋದಲ್ಲ.

ಒಂಟಿ ಗ್ಲೌಸ್:
ಕಾಲ ಮೇಲೆ ಬಿದ್ದು ಲೇಸ್ ಕಟ್ಟೋನು ನಿನ್ನಂಥೋನೇ. ಕೆಸರಲ್ಲಿ ಒಂದು ಸಲ ಕಂಬಗಳ ಮಧ್ಯೆ ನಿಂತು ನೋಡು, ಆಮೇಲೆ ಪಾಠ ಹೇಳು.

ಹಳೇ ಸೀಟಿ:
ಲೇಸ್ ವಿಷಯದಲ್ಲಿ ಕೀಪರ್ ಪರ ನಾನು. ಕೀಪರ್ ಬಾಲ್ ಬಿಡದಂಗೆ ಎದುರಾಳಿ ತಡೆದ್ರೆ ಇನ್‌ಡೈರೆಕ್ಟ್ ಕೀಪರ್ ಟೀಮಿಗೇ. ನಾನಾಗಿದ್ರೆ ಮೊದಲು ಅದನ್ನ ಊದ್ತಿದ್ದೆ.

ಒಂಬತ್ತನೇ ನಂಬರ್:
ಊದ್ತಿದ್ರಂತೆ! ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ ಊದಿದೋರು.

ಹಳೇ ಸೀಟಿ:
ನಿನ್ನ ಸ್ಕೂಟರ್ ಸೀಟು ಯಾರಾದ್ರೂ ಕುಯ್ದಿದ್ದಾರಾ?

ಭಾನುವಾರದ ಬಾಲ್:
ಸರ್, ನಂದು ಏಳು ಜನರ ಆಟ, ಚಿಕ್ಕ ಗ್ರೌಂಡ್. ಕಾರ್ನರ್ ಇಪ್ಪತ್ತು ಹೆಜ್ಜೆ. ನಾನು ಕೇಳಿದ್ದು ಅದು.

ಹಳೇ ಸೀಟಿ:
ಟಾಸ್‌ಗೆ ಮುಂಚೆ ಇಬ್ಬರೂ ಕೀಪರ್‌ಗಳನ್ನ ಕರೆದು ಕೈ ಎತ್ತಿ ತೋರಿಸಿ. ಬೆನ್ನು ತಿರುಗಿಸಿ ನಿಂತ್ರೂ ಎಣಿಕೆ ನಿಲ್ಲಲ್ಲ ಅಂತ ಬಾಯಿ ಬಿಟ್ಟು ಹೇಳಿ, ಒಬ್ಬನೇ ರೆಫ್ರಿ ಇದ್ರೆ ಇದೇ ದೊಡ್ಡ ತಕರಾರು. ಕೀಪರ್ ನಿಂತಿದ್ದ ಜಾಗಕ್ಕೆ ಯಾವ ಬದಿ ಹತ್ತಿರವೋ ಆ ಕಡೆಯಿಂದ ಕಾರ್ನರ್. ಇಪ್ಪತ್ತು ಹೆಜ್ಜೆ ಎರಡು ಟೀಮಿಗೂ ಇಪ್ಪತ್ತೇ ಅಲ್ವೇನಪ್ಪಾ?

ಕುಡ್ಲದ ಕಿಕ್:
ಟೈಮರ್ ಬೇಕಾದ್ರೆ ನನ್ನಲ್ಲಿ ಒಂದುಂಟು. ಕೊರಿಯರ್ ಖರ್ಚು ನಿಮ್ಮದು.

ಬೆಳಗಾವಿ ಬ್ಯಾಕ್:
ಗ್ಲೌಸ್ ಅಣ್ಣಾರ, ಆ 2,640ರದ್ದು ಎರಡ ಸಲ ಹಾಕೀನಿ ಅಂದ್ರಲ್ಲ, ಸೈಜ್ ಎಷ್ಟರೀ? ಮಗಳಿಗೆ ಎಂಟು ಬೇಕಾಗೇದ.

ಒಂಟಿ ಗ್ಲೌಸ್:
ಒಂಬತ್ತು. ಮಾರಾಟಕ್ಕಿಲ್ಲ.